ಹಳೆ ಬ್ಯಾಟರಿ ಆ್ಯಸಿಡ್ ಸಮೇತ ಅಂಗಡಿಗೆ: ಕೊಡಗಿನ ವಾಹನ ಮಾಲೀಕರಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ತೋಟದ ಮನೆಗಳ ಶೆಡ್ಡಿಗೆ ಒಮ್ಮೆ ಹೊಕ್ಕು ನೋಡಿ. ಹಳೆ ಟೈರು, ಮುರಿದ ಸ್ಪ್ರೇಯರ್, ಖಾಲಿ ಗೊಬ್ಬರದ ಚೀಲಗಳ ಹಿಂದೆ ಸತ್ತ ಬ್ಯಾಟರಿ ಒಂದಾದರೂ ಕೂತಿರುತ್ತದೆ. ಜೀಪಿನದ್ದು, ಪಿಕಪ್ಪಿನದ್ದು, ಇಲ್ಲವೇ ಆನೆ ಬೇಲಿಗೆ ಹಾಕಿದ್ದದ್ದು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಾದ್ದರಿಂದ ಇನ್ವರ್ಟರ್ ಬ್ಯಾಟರಿಯೂ ಮನೆಮನೆಯಲ್ಲಿದೆ. ಅವುಗಳಿಗೂ ಆಯಸ್ಸು ಮುಗಿಯುತ್ತದೆ. ಮೂಲೆಯಲ್ಲಿಟ್ಟದ್ದು ಅಲ್ಲೇ ಉಳಿಯುತ್ತದೆ, ಗುಜರಿ ಗಾಡಿ ಬರುವ ತನಕ.

ಗುಜರಿಯವರು ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಆ್ಯಸಿಡ್ ಚೆಲ್ಲಿ ಕೊಡಿ ಅಣ್ಣ, ತೂಕಕ್ಕೆ ಹಾಕಿಕೊಳ್ಳುತ್ತೇನೆ." ಈ ಬರಹದಲ್ಲಿ ಬೇರೆಲ್ಲವನ್ನೂ ಮರೆತರೂ ಪರವಾಗಿಲ್ಲ, ಆ ಮಾತಿಗೆ ಒಪ್ಪಬೇಡಿ. ಬ್ಯಾಟರಿಯನ್ನು ಇಡಿಯಾಗಿ, ಮುಚ್ಚಳ ಬಿಗಿಯಾಗಿ, ಒಳಗಿನ ಆ್ಯಸಿಡ್ ಒಳಗೇ ಇರುವಂತೆ ಕೊಡಬೇಕು. ಹಾಗೆ ತೆಗೆದುಕೊಳ್ಳದವರಿಗೆ ಕೊಡಲೇಬಾರದು.

ಒಳಗೆ ಏನಿದೆ

ಕಾರಿನ 12 ವೋಲ್ಟ್ ಬ್ಯಾಟರಿ ಎಂದರೆ ಸುಮಾರು ಎರಡು ವೋಲ್ಟಿನ ಆರು ಕೋಶಗಳು. ಪ್ರತಿ ಕೋಶದಲ್ಲೂ ಸೀಸದ ಫಲಕಗಳು, ಅವುಗಳ ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ, ಸುತ್ತ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಪೆಟ್ಟಿಗೆ. ಸಣ್ಣ ಕಾರಿನ ಬ್ಯಾಟರಿ ಹತ್ತು ಕಿಲೋ ಆಸುಪಾಸು ತೂಗುತ್ತದೆ, ಡೀಸೆಲ್ ಜೀಪಿನದ್ದು ಅದಕ್ಕಿಂತ ಸಾಕಷ್ಟು ಹೆಚ್ಚು. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಸೀಸವೇ. ಗುಜರಿಗೆ ಅದರ ಮೇಲೆ ಆಸೆ ಹುಟ್ಟುವುದೂ ಅದಕ್ಕೇ.

ಆ್ಯಸಿಡ್ ಚೆಲ್ಲಿದರೆ ಹುಲ್ಲು ಸುಟ್ಟುಹೋಗುತ್ತದೆ, ಮುಂದಿನ ಮಳೆಗೆ ತೊಳೆದುಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹೋಗುವುದು ಆಮ್ಲ ಮಾತ್ರ. ವರ್ಷಗಟ್ಟಲೆ ಬಳಸಿದ ಬ್ಯಾಟರಿಯ ತಳದಲ್ಲಿ ಫಲಕಗಳಿಂದ ಉದುರಿದ ಬೂದು ಬಣ್ಣದ ಕೆಸರು ಸೇರಿಕೊಂಡಿರುತ್ತದೆ, ಅದು ಸೀಸದ ಸಂಯುಕ್ತಗಳ ಪುಡಿ. ಬ್ಯಾಟರಿಯನ್ನು ಬೋರಲು ಹಾಕಿದಾಗ ಅದೂ ಜೊತೆಗೇ ಸುರಿಯುತ್ತದೆ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೇಲ್ಮಣ್ಣಿಗೆ ಅಂಟಿಕೊಂಡು ದಶಕಗಳ ಕಾಲ ಅಲ್ಲೇ ಇರುತ್ತದೆ. ಕಾಫಿ ತೋಟಗಳ ಮಣ್ಣು ಸ್ವಭಾವತಃ ಹುಳಿ, ಅದಕ್ಕೇ ನಾವು ಕಾಲಕಾಲಕ್ಕೆ ಸುಣ್ಣ ಕೊಡುವುದು. ಹುಳಿ ಮಣ್ಣಿನಲ್ಲಿ ಸೀಸ ಕರಗಿ ನೀರಿನೊಂದಿಗೆ ಸಾಗುವ ಸಾಧ್ಯತೆ ಹೆಚ್ಚು. ಶೆಡ್ಡಿನ ಹಿಂದಿನ ಇಳಿಜಾರು ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ. ಅದಕ್ಕೂ ಮೊದಲೇ ದಾರಿಯಲ್ಲಿ ನಮ್ಮದೇ ಬಾವಿ ಸಿಗುತ್ತದೆ.

ಸೀಸದ ಕೆಡುಕು ಮೊದಲು ತಟ್ಟುವುದು ಮಕ್ಕಳಿಗೆ. ಹೊಟ್ಟೆಗೆ ಹೋದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಅದಕ್ಕಿಲ್ಲ. ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ರಕ್ತಹೀನತೆ ಬರುತ್ತದೆ. ಮೂಳೆಯಲ್ಲಿ ಕೂತ ಸೀಸ ವರ್ಷಗಳ ನಂತರ ಬಸಿರಿನ ಕಾಲದಲ್ಲಿ ರಕ್ತಕ್ಕೆ ಮರಳುವುದೂ ಉಂಟು. ಲೈನ್ ಮನೆಯ ಮಕ್ಕಳು ಆಡುವುದು ಶೆಡ್ಡಿನ ಸುತ್ತಲಿನ ಮಣ್ಣಿನಲ್ಲೇ ಎಂಬುದನ್ನು ಯಜಮಾನರು ನೆನಪಿಡುವುದು ಒಳ್ಳೆಯದು.

ನಿಜವಾಗಿಯೂ ಸತ್ತಿದೆಯೇ?

ಬಿಚ್ಚುವ ಮೊದಲು ಇದೊಂದನ್ನು ಖಚಿತಪಡಿಸಿಕೊಳ್ಳಿ. ಮಳೆಗಾಲದಲ್ಲಿ ಎರಡು ತಿಂಗಳು ಶೆಡ್ಡಿನಲ್ಲೇ ನಿಂತ ಜೀಪು ಸ್ಟಾರ್ಟ್ ಆಗದಿದ್ದರೆ ಅದು ಬ್ಯಾಟರಿ ಸಾವಲ್ಲ, ಬರಿಯ ಹಸಿವು. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರುನೀಲಿ ಪುಡಿ ಹೂವಿನಂತೆ ಎದ್ದಿದ್ದರೂ ಕರೆಂಟ್ ಹರಿಯದು. ಮಲ್ಟಿಮೀಟರ್ ಇದ್ದರೆ ಗಾಡಿ ಕೆಲವು ಗಂಟೆ ನಿಂತ ಮೇಲೆ ಅಳೆಯಿರಿ. 12.6 ವೋಲ್ಟ್ ಬಂದರೆ ತುಂಬಿದೆ, 12ರ ಆಸುಪಾಸಿದ್ದರೆ ಬಹುತೇಕ ಬರಿದಾಗಿದೆ, ಚಾರ್ಜ್ ಮಾಡಿ ನೋಡಿ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಹತ್ತೂವರೆ ದಾಟದಿದ್ದರೆ ಒಂದು ಕೋಶ ಹೋಗಿದೆ ಎಂದರ್ಥ, ಅದು ರಿಪೇರಿಯ ಮಾತಲ್ಲ. ಎಂಜಿನ್ ಓಡುವಾಗ ಹದಿನಾಲ್ಕರ ಹತ್ತಿರ ತೋರಿಸದಿದ್ದರೆ ದೋಷ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನದ್ದು. ಆಗ ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಅದೂ ಮಲಗುತ್ತದೆ. ಮೀಟರ್ ಇಲ್ಲದವರು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಲೋಡ್ ಟೆಸ್ಟ್, ಅಂದರೆ ಬ್ಯಾಟರಿಯ ಮೇಲೆ ಹೊರೆ ಹಾಕಿ ನೋಡುವ ಪರೀಕ್ಷೆ, ಮಾಡಿಸಿ.

ವಾರಂಟಿ ಕಾರ್ಡ್ ಹುಡುಕಿ ಇಡಿ. ಬ್ಯಾಟರಿಯ ಮೇಲಿನ ಸೀರಿಯಲ್ ಸಂಖ್ಯೆಯ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಅವಧಿ ಉಳಿದಿದ್ದರೆ ಹಳೆಯದನ್ನು ಕಂಪನಿಯೇ ಮರಳಿ ಪಡೆಯುತ್ತದೆ, ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.

ಬಿಚ್ಚುವುದು

ಮೊದಲು ಮೈ ನೋಡಿಕೊಳ್ಳಿ. ಉಂಗುರ, ವಾಚು, ಕೈಬಳೆ, ಉದ್ದ ಸರ ಎಲ್ಲವನ್ನೂ ತೆಗೆದಿಡಿ. ಲೋಹದ ವಾಚಿನ ಪಟ್ಟಿ ಎರಡು ಟರ್ಮಿನಲ್‌ಗಳನ್ನು ಸೇರಿಸಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟು. ಹತ್ತಿ ಅಂಗಿಗೆ ಬಿದ್ದ ಆ್ಯಸಿಡ್ ಹನಿ ಅಂದು ಕಾಣುವುದಿಲ್ಲ, ಒಗೆದು ಒಣಗಿಸಿದ ಮೇಲೆ ತೂತಾಗಿ ಕಾಣಿಸುತ್ತದೆ. ಹಾಗಾಗಿ ಹಳೆ ಬಟ್ಟೆ ಹಾಕಿಕೊಳ್ಳಿ.

ಪಕ್ಕದಲ್ಲಿ ಒಂದು ಬಕೆಟ್ ತುಂಬ ಶುದ್ಧ ನೀರು ಇರಲೇಬೇಕು. ಬೀಡಿ, ಸಿಗರೇಟು ದೂರ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಕಿಡಿಗೆ ಸಿಡಿಯುತ್ತದೆ. ಮಳೆಯೆಂದು ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಈ ಕೆಲಸ ಮಾಡಬೇಡಿ.

ಇಂಜಿನ್ ಆಫ್ ಮಾಡಿ, ಕೀ ತೆಗೆದು, ಕೆಲವು ನಿಮಿಷ ಬಿಡಿ. ಮೊದಲು ಬಿಚ್ಚಬೇಕಾದ್ದು ನೆಗೆಟಿವ್, ಅಂದರೆ ಮೈನಸ್ ಗುರುತಿನ ಟರ್ಮಿನಲ್. ಹೆಚ್ಚಿನ ಗಾಡಿಗಳಲ್ಲಿ ಹತ್ತರ ಸ್ಪ್ಯಾನರ್ ಸಾಕು. ಇದರ ಕಾರಣ ತಿಳಿದರೆ ಕ್ರಮ ಮರೆಯುವುದಿಲ್ಲ: ಗಾಡಿಯ ಇಡೀ ಬಾಡಿ ನೆಗೆಟಿವ್‌ಗೆ ಸೇರಿರುತ್ತದೆ. ನೆಗೆಟಿವ್ ಬಿಚ್ಚದೆ ಪಾಸಿಟಿವ್ ಕಡೆ ಸ್ಪ್ಯಾನರ್ ತಿರುಗಿಸುವಾಗ ಅದರ ಇನ್ನೊಂದು ತುದಿ ಬಾನೆಟ್ಟಿಗೋ ಮಡ್‌ಗಾರ್ಡಿಗೋ ತಾಗಿದರೆ ಪೂರ್ತಿ ಶಾರ್ಟ್. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಸ್ಪ್ಯಾನರ್ ಎಲ್ಲಿ ತಾಗಿದರೂ ಏನೂ ಆಗದು. ಆಮೇಲೆ ಪಾಸಿಟಿವ್, ಕೊನೆಗೆ ಬ್ಯಾಟರಿಯನ್ನು ಹಿಡಿದಿಟ್ಟ ಕ್ಲ್ಯಾಂಪ್. ಹೊಸತನ್ನು ಕೂರಿಸುವಾಗ ಕ್ರಮ ತಿರುವುಮುರುವು, ಪಾಸಿಟಿವ್ ಮೊದಲು.

ಟರ್ಮಿನಲ್ ಜಂಗು ಹಿಡಿದು ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಒಳಗಿನ ಫಲಕದ ಬೆಸುಗೆ ಮುರಿದು ಪೆಟ್ಟಿಗೆ ಬಿರುಕು ಬಿಡುತ್ತದೆ. ಅಡುಗೆ ಸೋಡಾ ಕಲಸಿದ ಬೆಚ್ಚನೆಯ ನೀರನ್ನು ಹಳೆ ಟೂತ್‌ಬ್ರಷ್‌ನಲ್ಲಿ ಹಚ್ಚಿ. ಬುರುಬುರು ನೊರೆ ಎದ್ದು ಇಳಿದ ಮೇಲೆ ಸಡಿಲವಾಗುತ್ತದೆ. ಒರೆಸಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಿ. ಅದರಲ್ಲೂ ಸೀಸವಿದೆ, ಬಾವಿಕಟ್ಟೆಯಲ್ಲಿ ತೊಳೆಯುವಂಥದ್ದಲ್ಲ.

ಎತ್ತುವಾಗ ಟರ್ಮಿನಲ್ ಹಿಡಿಯಬೇಡಿ. ಹಿಡಿಕೆ ಇದ್ದರೆ ಹಿಡಿಕೆ, ಇಲ್ಲದಿದ್ದರೆ ತಳಕ್ಕೆ ಎರಡೂ ಕೈ ಕೊಟ್ಟು, ಮೊಣಕಾಲು ಬಗ್ಗಿಸಿ, ನೆಟ್ಟಗೆ ಎತ್ತಿ. ಇನ್ವರ್ಟರಿನ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ ಐವತ್ತು ಕಿಲೋದಷ್ಟು ತೂಗುವುದರಿಂದ ಅದನ್ನು ಒಬ್ಬರೇ ಎತ್ತುವ ಸಾಹಸ ಬೇಡ. ಅದನ್ನು ಬಿಚ್ಚುವ ಮೊದಲು ಇನ್ವರ್ಟರನ್ನು ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತಿರಬೇಕು.

ಸೋರುತ್ತಿದ್ದರೆ, ಮೈಮೇಲೆ ಬಿದ್ದರೆ

ಕಣ್ಣಿಗೆ ಸಿಡಿದರೆ ಆಸ್ಪತ್ರೆಗೆ ಓಡುವ ಮೊದಲು ತೊಳೆಯಿರಿ. ನಮ್ಮಲ್ಲಿ ಈ ಕ್ರಮ ಇನ್ನೂ ಮುಖ್ಯ. ಒಳ ಊರಿನ ತೋಟದಿಂದ ಮಡಿಕೇರಿಗೋ ವಿರಾಜಪೇಟೆಗೋ ತಲುಪಲು ಮುಕ್ಕಾಲು ಗಂಟೆ ಬೇಕಾದೀತು, ಅಷ್ಟರಲ್ಲಿ ಆ್ಯಸಿಡ್ ತನ್ನ ಕೆಲಸ ಮುಗಿಸಿರುತ್ತದೆ. ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ ಇಪ್ಪತ್ತು ನಿಮಿಷ ಶುದ್ಧ ನೀರು ಸುರಿಯುತ್ತಲೇ ಇರಿ, ಆಮೇಲೆ ವೈದ್ಯರ ಹತ್ತಿರ ಹೋಗಿ. ಚರ್ಮಕ್ಕೂ ಬರಿಯ ನೀರು, ಧಾರಾಳವಾಗಿ. ಮೈಮೇಲಿನ ಆ್ಯಸಿಡ್ಡಿಗೆ ಸುಣ್ಣ, ಸೋಡಾ ಹಚ್ಚುವುದು ತಪ್ಪು. ಅಕಸ್ಮಾತ್ ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಬಾಯಿ ತೊಳೆಸಿ ತಕ್ಷಣ ಆಸ್ಪತ್ರೆಗೆ ಸೇರಿಸಿ.

ನೆಲಕ್ಕೆ ಚೆಲ್ಲಿದ್ದಕ್ಕೆ ಮದ್ದು ತೋಟದ ಸ್ಟೋರಿನಲ್ಲೇ ಇದೆ. ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣ ಅಥವಾ ಮಣ್ಣಿಗೆ ಹಾಕುವ ಕೃಷಿ ಸುಣ್ಣ, ಎರಡೂ ಆಗುತ್ತವೆ, ಅಡುಗೆ ಸೋಡಾ ಇನ್ನೂ ಒಳ್ಳೆಯದು. ಒಮ್ಮೆಲೇ ಸುರಿದರೆ ಕಾದು ಸಿಡಿಯುತ್ತದೆ, ಆದ್ದರಿಂದ ದೂರದಿಂದ ಸ್ವಲ್ಪ ಸ್ವಲ್ಪವಾಗಿ ಉದುರಿಸಿ. ಸೋಡಾಕ್ಕೆ ಅಥವಾ ಕೃಷಿ ಸುಣ್ಣಕ್ಕೆ ನೊರೆ ಏಳುವುದು ನಿಂತರೆ ಆಮ್ಲ ಸತ್ತಿದೆ ಎಂದು ಲೆಕ್ಕ. ಬೋರ್ಡೋ ಸುಣ್ಣ ನೊರೆ ಕೊಡುವುದಿಲ್ಲ, ಬರಿದೇ ಬಿಸಿಯಾಗುತ್ತದೆ.

ಆಮ್ಲ ಸತ್ತರೂ ಅದರೊಳಗಿನ ಸೀಸ ಮಾತ್ರ ಹಾಗೇ ಇದೆ. ಆ ಮಿಶ್ರಣವನ್ನು ಮೇಲ್ಮಣ್ಣಿನ ಸಮೇತ ಸಲಿಕೆಯಲ್ಲಿ ಬಾಚಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬ್ಯಾಟರಿಯ ಜೊತೆಗೇ ಇಡಿ. ಅದನ್ನು ಏನು ಮಾಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ಬಿರುಕು ಬಿಟ್ಟ ಬ್ಯಾಟರಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಡಿ. ಅಲ್ಯೂಮಿನಿಯಂ ಪಾತ್ರೆ, ಕಬ್ಬಿಣದ ಬಾಣಲೆ ಬೇಡ, ಅವನ್ನು ಆ್ಯಸಿಡ್ ತಿನ್ನುತ್ತದೆ.

ಕೊಡುವ ತನಕ ಇಡುವುದು, ಕೊಂಡೊಯ್ಯುವುದು

ಹೊಸ ಬ್ಯಾಟರಿ ಕೊಳ್ಳುವ ದಿನವೇ ಹಳೆಯದನ್ನು ಕೊಟ್ಟುಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಮಳೆ ಬೀಳದ ಮಾಡಿನ ಕೆಳಗೆ, ಮರದ ಹಲಗೆಯ ಮೇಲೆ ಪ್ಲಾಸ್ಟಿಕ್ ಟ್ರೇ ಇಟ್ಟು, ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ಸತ್ತ ಬ್ಯಾಟರಿಯಲ್ಲೂ ಕಿಡಿ ಹಾರಿಸುವಷ್ಟು ಕರೆಂಟ್ ಉಳಿದಿರುತ್ತದೆ, ಎರಡೂ ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ. ಕಾಫಿ, ಮೆಣಸು, ಅಕ್ಕಿ ಮೂಟೆ ಇಡುವ ಕೋಣೆ ಇದಕ್ಕೆ ಸಲ್ಲದು. ನಾಯಿ, ಕೋಳಿ, ಮಕ್ಕಳ ಕೈಗೆ ಸಿಗುವ ಜಾಗವೂ ಅಲ್ಲ.

ಸಾಗಿಸುವಾಗ ನಮ್ಮ ತಿರುವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಯಲುಸೀಮೆಯಲ್ಲಿ ಡಿಕ್ಕಿಯಲ್ಲಿ ಸುಮ್ಮನೆ ಇಟ್ಟ ಬ್ಯಾಟರಿ ಅಲ್ಲಾಡದೆ ಊರು ಸೇರೀತು. ಭಾಗಮಂಡಲದಿಂದ ಮಡಿಕೇರಿಗೆ ಬರುವಷ್ಟರಲ್ಲಿ ಅದು ಎರಡು ಸಲ ಮಗುಚಿರುತ್ತದೆ. ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು, ಸುತ್ತ ಹಳೆ ಚೀಲ ತುರುಕಿ, ಹಗ್ಗದಿಂದ ಬಿಗಿಯಿರಿ. ಪಿಕಪ್ಪಿನ ಹಿಂಭಾಗ ಉತ್ತಮ. ಕಾರಾದರೆ ಕಿಟಕಿ ಸ್ವಲ್ಪ ತೆರೆದಿರಲಿ, ಜೊತೆಗೆ ತರಕಾರಿ ಚೀಲ ಬೇಡ. ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ಸಂತೆಗೆ ಹೊರಡುವವರನ್ನು ನೋಡಿದಾಗಲೆಲ್ಲ ನನಗೆ ಅವರ ಕಾಲಿನದೇ ಚಿಂತೆ.

ಯಾರಿಗೆ ಕೊಡಬೇಕು

ಕಾನೂನು ಇಲ್ಲಿ ನಮ್ಮ ಪರವಾಗಿದೆ. ಹಳೆ ಬ್ಯಾಟರಿಗಳನ್ನು ಮಾರಾಟಗಾರರು ಮರಳಿ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. ಅದರ ಜಾಗದಲ್ಲಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಮಾರಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅದನ್ನು ಮಣ್ಣಿನಲ್ಲಿ ಹೂಳುವುದಕ್ಕೂ ಸುಡುವುದಕ್ಕೂ ನಿಷೇಧವಿದೆ. ಬಳಕೆದಾರರಿಗೂ ಒಂದು ಕರ್ತವ್ಯ ಇದೆ: ಮನೆಯ ಕಸದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೇ ಒಪ್ಪಿಸಬೇಕು. ಬ್ಯಾಟರಿಯ ಮೇಲೆ ಅಡ್ಡಗೆರೆ ಎಳೆದ ಚಕ್ರದ ಕಸದ ಡಬ್ಬಿಯ ಚಿತ್ರ ಇರುವುದು ಇದನ್ನೇ ಹೇಳಲು. ಗ್ರಾಮ ಪಂಚಾಯಿತಿಯ ಕಸದ ಗಾಡಿಗೂ ಸ್ವಚ್ಛ ಸಂಕೀರ್ಣಕ್ಕೂ ಇದನ್ನು ಹಾಕಬೇಡಿ, ಅಲ್ಲಿ ಬರಿಗೈಯಲ್ಲಿ ಕಸ ವಿಂಗಡಿಸುವ ಹೆಣ್ಣುಮಕ್ಕಳಿದ್ದಾರೆ.

ಸುಲಭದ ದಾರಿ ಬ್ಯಾಟರಿ ಅಂಗಡಿ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲು, ವಿರಾಜಪೇಟೆ, ಸೋಮವಾರಪೇಟೆ, ನಿಮಗೆ ಹತ್ತಿರವಿರುವ ಪೇಟೆಯಲ್ಲಿ ಎಕ್ಸೈಡ್, ಅಮರಾನ್‌ನಂಥ ಹೆಸರಾದ ಕಂಪನಿಗಳ ಅಧಿಕೃತ ಮಾರಾಟಗಾರರನ್ನು ವಿಚಾರಿಸಿ. ಹೊಸತರ ಬೆಲೆಯಲ್ಲಿ ಹಳೆಯದಕ್ಕೆ ಇಷ್ಟು ಎಂದು ಕಳೆಯುವ ಎಕ್ಸ್‌ಚೇಂಜ್ ಪದ್ಧತಿ ಎಲ್ಲೆಡೆ ಇದೆ. ಬೇರೆ ಕಂಪನಿಯ ಹಳೆ ಬ್ಯಾಟರಿಯಾದರೂ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಹೋಗುವ ಮೊದಲು ಫೋನಿನಲ್ಲಿ ಎರಡು ಮೂರು ಅಂಗಡಿಗಳನ್ನು ಕೇಳಿ. ಆಂಪಿಯರ್ ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಎಷ್ಟು, ಆ್ಯಸಿಡ್ ಸಮೇತ ಇದೆ ಎಂಬುದನ್ನು ಹೇಳಿದರೆ ದರ ಹೇಳುತ್ತಾರೆ. ಬಿಲ್ಲಿನಲ್ಲಿ ಹಳೆ ಬ್ಯಾಟರಿ ಮರಳಿ ಪಡೆದದ್ದು ಬೇರೆ ಸಾಲಿನಲ್ಲಿ ನಮೂದಾಗಿರಲಿ. ಬಿಲ್ಲೇ ಬೇಡ ಎಂದರೆ ಇನ್ನಷ್ಟು ಕೊಡುತ್ತೇನೆ ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಬಿಲ್ಲಿಲ್ಲದ ಬ್ಯಾಟರಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವಂತಿಲ್ಲ.

ಗುಜರಿಯವರೆಲ್ಲ ಕೆಟ್ಟವರೆಂದಲ್ಲ. ಊರಿನ ಕಬ್ಬಿಣ, ಪ್ಲಾಸ್ಟಿಕ್, ಬಾಟಲಿಗಳನ್ನು ಅವರು ಹೊತ್ತೊಯ್ಯದಿದ್ದರೆ ನಮ್ಮ ತೋಡುಗಳ ಗತಿ ಏನಾಗುತ್ತಿತ್ತೋ. ಆದರೆ ಬ್ಯಾಟರಿಯ ವಿಷಯದಲ್ಲಿ ಅವರಿಗೆ ಎರಡು ಪ್ರಶ್ನೆ ಹಾಕಿ: ಆ್ಯಸಿಡ್ ಸಮೇತ ಒಯ್ಯುತ್ತೀರಾ, ಯಾರಿಗೆ ಮಾರುತ್ತೀರಿ? ನೋಂದಾಯಿತ ಮರುಬಳಕೆದಾರರ ಹೆಸರು ಬಂದರೆ ಅದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬ್ಯಾಟರಿ ಪೋರ್ಟಲ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು. ಉತ್ತರ ತಡವರಿಸಿದರೆ ಕಬ್ಬಿಣ ಕೊಡಿ, ಬ್ಯಾಟರಿ ಕೊಡಬೇಡಿ.

ಹತ್ತಾರು ಬ್ಯಾಟರಿ ಕೂಡಿಹಾಕಿಕೊಂಡ ದೊಡ್ಡ ತೋಟಗಳು, ಹೋಂಸ್ಟೇಗಳು ಒಂದೊಂದನ್ನೇ ಹೊತ್ತೊಯ್ಯಬೇಕಿಲ್ಲ. ಮಾರಾಟಗಾರರಿಗೆ ಮೊದಲೇ ತಿಳಿಸಿದರೆ ಸರಕಿನ ಗಾಡಿ ಹಿಂತಿರುಗುವಾಗ ಒಯ್ಯುವ ವ್ಯವಸ್ಥೆ ಮಾಡಬಹುದು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ಪಿಕಪ್ಪಿನಲ್ಲಿ ಕಳಿಸಿದರೆ ಬಾಡಿಗೆಯೂ ಹಂಚಿಹೋಗುತ್ತದೆ.

ಸೀಸ ಕರಗಿಸುವ ಯೋಚನೆ ಬೇಡ

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಸೌದೆ ಒಲೆ ಸಾಕು. ಹಾಗಾಗಿ ಗಾಳಕ್ಕೆ ಭಾರವೋ ಕೋವಿಗೆ ಗುಂಡೋ ಎರಕ ಹೊಯ್ಯೋಣ ಎಂಬ ಯೋಚನೆ ಯಾರಿಗಾದರೂ ಬರಬಹುದು. ಬ್ಯಾಟರಿಯ ಸೀಸ ಅದಕ್ಕೆ ತಕ್ಕದ್ದಲ್ಲ. ಗಟ್ಟಿತನಕ್ಕೆಂದು ಅದರಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಕರಗಿಸಿದಾಗ ಮೇಲೆ ಕೂಡುವ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೈನ್ ಎಂಬ ಪ್ರಾಣಾಂತಕ ಅನಿಲ ಏಳಬಹುದು, ಮತ್ತು ಕೊಡಗಿನಲ್ಲಿ ತೇವ ಇಲ್ಲದ ಜಾಗ ಯಾವುದು? ಹೊಗೆಯಲ್ಲಿ ಹಾರುವ ಸೀಸದ ಧೂಳು ಅಡುಗೆಮನೆಯ ಮಸಿಯೊಂದಿಗೆ ಸೇರಿ ಉಳಿದೇ ಹೋಗುತ್ತದೆ.

ಅತಿಯೆಂದು ತೋರಿದರೆ ಸೆನೆಗಲ್ ದೇಶದ ಡಕಾರ್ ನಗರದ ಅಂಚಿನ ಥಿಯಾರೊಯೆ ಎಂಬ ಬಡಾವಣೆಯನ್ನು ನೋಡಿ. ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದ ಆ ಜಾಗದಲ್ಲಿ 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು. ಅಲ್ಲಿನ ಮನೆಯಂಗಳದ ಮಣ್ಣೆಲ್ಲ ಸೀಸಮಯವಾಗಿತ್ತು.

ಇದೇ ಕೆಲಸವನ್ನು ಸರಿಯಾದ ಕಾರ್ಖಾನೆ ಬೇರೆ ಥರ ಮಾಡುತ್ತದೆ. ಮುಚ್ಚಿದ ಯಂತ್ರದಲ್ಲಿ ಬ್ಯಾಟರಿಯನ್ನು ಪುಡಿಮಾಡಿ ನೀರಿಗೆ ಬಿಡುತ್ತಾರೆ, ಸೀಸ ಮುಳುಗುತ್ತದೆ, ಪ್ಲಾಸ್ಟಿಕ್ ತೇಲುತ್ತದೆ. ಆಮ್ಲವನ್ನು ತಟಸ್ಥಗೊಳಿಸುತ್ತಾರೆ ಅಥವಾ ಮರುಬಳಸುತ್ತಾರೆ. ಫಲಕದ ಪೇಸ್ಟಿನಿಂದ ಗಂಧಕ ತೆಗೆದು, ಧೂಳು ಹಿಡಿಯುವ ಫಿಲ್ಟರುಗಳಿರುವ ಕುಲುಮೆಯಲ್ಲಿ ಕರಗಿಸುತ್ತಾರೆ. ಎಷ್ಟು ಸಲ ಕರಗಿಸಿದರೂ ಸೀಸದ ಗುಣ ಕೆಡುವುದಿಲ್ಲ, ಶುದ್ಧಿಯಾಗಿ ಮತ್ತೆ ಬ್ಯಾಟರಿಗೇ ಬರುತ್ತದೆ. ಪೆಟ್ಟಿಗೆಯ ಪ್ಲಾಸ್ಟಿಕ್ಕೂ ಹೊಸ ಪೆಟ್ಟಿಗೆಯಾಗುತ್ತದೆ.

ಲಿಥಿಯಂ ಇದ್ದರೆ

ಸೋಲಾರ್ ದೀಪಗಳಲ್ಲಿ, ಹೊಸ ಇನ್ವರ್ಟರುಗಳಲ್ಲಿ, ವಿದ್ಯುತ್ ಸ್ಕೂಟರ್ ಮತ್ತು ಕಾರುಗಳಲ್ಲಿ ಈಗ ಲಿಥಿಯಂ ಬ್ಯಾಟರಿ ಬರುತ್ತಿದೆ. ಗಾತ್ರಕ್ಕೆ ಹೋಲಿಸಿದರೆ ಹಗುರ, ಲೇಬಲ್ ಮೇಲೆ ಲಿಥಿಯಂ ಎಂದೇ ಬರೆದಿರುತ್ತದೆ. ಸೀಸದ ಬ್ಯಾಟರಿಗಳ ರಾಶಿಯಲ್ಲಿ ಇದು ಸೇರಿಕೊಂಡರೆ ಒಡೆಯುವ ಯಂತ್ರದಲ್ಲಿ ಬೆಂಕಿ ಹತ್ತುತ್ತದೆ. ಬೇರೆಯೇ ಇಡಿ, ಉಬ್ಬಿದ್ದರೆ ಮನೆಯ ಹೊರಗೆ ಒಣ ಜಾಗದಲ್ಲಿಡಿ, ಗಾಡಿ ಅಥವಾ ಉಪಕರಣ ಮಾರಿದವರಿಗೇ ಮರಳಿಸಿ. ವಿದ್ಯುತ್ ಕಾರಿನ ದೊಡ್ಡ ಬ್ಯಾಟರಿಗೆ ನಾವು ಸ್ಪ್ಯಾನರ್ ಹಾಕುವಂತೆಯೇ ಇಲ್ಲ, ಅದರ ವೋಲ್ಟೇಜ್ ಜೀವ ತೆಗೆಯುವಷ್ಟಿದೆ. ಅಂಥ ಕಾರುಗಳಲ್ಲೂ ದೀಪ, ಲಾಕ್‌ಗಳಿಗೆಂದು 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಅದನ್ನು ಬದಲಿಸಬೇಕಾದರೂ ಸರ್ವಿಸ್ ಸೆಂಟರಿಗೆ ಬಿಡಿ, ಹಳೆಯದನ್ನು ಅವರೇ ಇಟ್ಟುಕೊಂಡರೆಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.